ಆತ್ಮಿಕ ವರಗಳು ಮತ್ತು ಸೇವೆ: ಮಲೆನಾಡಿನ ಕ್ರೈಸ್ತ ಪರಂಪರೆಯಲ್ಲಿ

ಪವಿತ್ರಾತ್ಮನು ವಿಶ್ವಾಸಿಗಳಿಗೆ ಉಚಿತವಾಗಿ ಹಂಚುತ್ತಾನೆಂದು ಕ್ರೈಸ್ತರು ನಂಬುವ ಸಾಮರ್ಥ್ಯಗಳಿಗೆ ಆತ್ಮಿಕ ವರಗಳು ಎಂದು ಹೆಸರು. ಬೋಧನೆ, ಪ್ರವಾದನೆ, ರೋಗಶಮನ, ಅನ್ಯಭಾಷೆ (ಆತ್ಮಪ್ರೇರಣೆಯಿಂದ ಅರಿಯದ ಭಾಷೆಯಲ್ಲಿ ಮಾತಾಡುವುದು), ಆಡಳಿತ, ದಾನ, ಕರುಣೆ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇವುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಅದ್ಭುತಗಳ ಚರಿತ್ರೆಯಾಗಿ ಬರೆಯುವುದುಂಟು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯನ್ನೂ ಅದಕ್ಕೆ ಹೊಂದಿಕೊಂಡ ಕರಾವಳಿಯನ್ನೂ ಮುಂದಿಟ್ಟುಕೊಂಡು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಇಲ್ಲಿ ಇಗರ್ಜಿಗಳು ದೂರ ದೂರ, ಪಾದ್ರಿಗಳು ಕಡಿಮೆ, ಮಳೆಗಾಲದಲ್ಲಿ ಘಟ್ಟದ ದಾರಿ ಕಷ್ಟ. ಇಂಥ ಕಡೆ ಕ್ರೈಸ್ತ ಸಮುದಾಯ ಉಳಿದದ್ದು ಹುದ್ದೆಯಿಲ್ಲದ ಸಾಮಾನ್ಯರು ತಮಗೆ ಒಲಿದ ಸಾಮರ್ಥ್ಯವನ್ನು ನೆರೆಯವರಿಗಾಗಿ ಬಳಸಿದ್ದರಿಂದ. ವರವನ್ನು ಗುರುತಿಸಬೇಕಾದದ್ದು ಅದು ಎಷ್ಟು ಬೆರಗು ಹುಟ್ಟಿಸಿತು ಎಂಬುದರಿಂದಲ್ಲ, ಯಾರ ಹಿತಕ್ಕೆ ಬಂತು ಎಂಬುದರಿಂದ. ಈ ಲೇಖನದ ವಾದ ಇಷ್ಟೇ. ಇದು ಹೊಸ ವಾದವೇನಲ್ಲ. ಬೈಬಲಿನ ಮೂಲ ಬೋಧನೆಯೇ ಇದು.

ಶಾಸ್ತ್ರಾಧಾರ ಮತ್ತು ಆರಂಭದ ವಿವಾದಗಳು

ವರಗಳ ಬಗೆಗಿನ ಮುಖ್ಯ ಆಧಾರ ಸಂತ ಪೌಲನ ಪತ್ರಗಳು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ರಿಂದ 14ನೆಯ ಅಧ್ಯಾಯಗಳು, ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯ ಮತ್ತು ಎಫೆಸದವರಿಗೆ ಬರೆದ ಪತ್ರದ 4ನೆಯ ಅಧ್ಯಾಯ ಇಲ್ಲಿ ಮುಖ್ಯ. ಪೇತ್ರನ ಮೊದಲ ಪತ್ರದ 4ನೆಯ ಅಧ್ಯಾಯವೂ ಇದೇ ವಿಷಯವನ್ನು ಎತ್ತುತ್ತದೆ. ಈ ಪಟ್ಟಿಗಳು ಒಂದರಂತೆ ಒಂದಿಲ್ಲ. ಒಂದರಲ್ಲಿ ರೋಗಶಮನ ಮತ್ತು ಅನ್ಯಭಾಷೆ ಇವೆ. ಇನ್ನೊಂದರಲ್ಲಿ ಸೇವೆ, ಬುದ್ಧಿವಾದ, ದಾನ ಇವೆ. ಆದ್ದರಿಂದ ವರಗಳು ಇಷ್ಟೇ ಎಂದು ಲೆಕ್ಕ ಕಟ್ಟುವುದು ಪೌಲನ ಉದ್ದೇಶವಾಗಿರಲಿಲ್ಲ ಎನ್ನಬಹುದು. ಪಟ್ಟಿಗಳು ಬೇರೆಯಾದರೂ ಒಂದು ಮಾತು ಎಲ್ಲೆಡೆ ಬರುತ್ತದೆ: ಪ್ರತಿಯೊಬ್ಬರಿಗೂ ವರವಿದೆ, ಅದು ಕೊಟ್ಟಿರುವುದು ಎಲ್ಲರ ಪ್ರಯೋಜನಕ್ಕೆ. ಅನ್ಯಭಾಷೆಯಲ್ಲಿ ಹತ್ತು ಸಾವಿರ ಮಾತು ಆಡುವುದಕ್ಕಿಂತ ಸಭೆಗೆ ಅರ್ಥವಾಗುವ ಐದು ಮಾತು ಮೇಲೆಂದು ಪೌಲನು ಹೇಳುತ್ತಾನೆ. ವರಗಳ ಎರಡು ಅಧ್ಯಾಯಗಳ ನಡುವೆ 13ನೆಯ ಅಧ್ಯಾಯವನ್ನು ಪೂರ್ತಿಯಾಗಿ ಪ್ರೀತಿಗೆ ಮೀಸಲಿಡುತ್ತಾನೆ. ಪ್ರೀತಿಯಿಲ್ಲದ ವರ ಬರಿಯ ಸದ್ದು ಎಂಬುದು ಅವನ ನಿಲುವು.

ಮುಂದಿನ ಶತಮಾನಗಳಲ್ಲಿ ಈ ನಿಲುವು ಎರಡು ಕಡೆಯಿಂದ ಅಲುಗಾಡಿತು. ಎರಡನೆಯ ಶತಮಾನದಲ್ಲಿ ಏಷ್ಯಾ ಮೈನರಿನ ಫ್ರಿಜಿಯಾದಲ್ಲಿ ಹುಟ್ಟಿದ ಮೊಂಟಾನಸನ ಪಂಗಡ ಆವೇಶದ ಪ್ರವಾದನೆಯೇ ಆತ್ಮನ ಗುರುತೆಂದು ಹಿಡಿಯಿತು. ಅದಕ್ಕೆ ಎದುರಾಗಿ ಸಭೆಯ ಹಿರಿಯರು ಅಧಿಕಾರವನ್ನು ಬಿಷಪ್ಪರ ಕೈಯಲ್ಲಿ ಬಿಗಿಗೊಳಿಸಿದರು. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಯೋಹಾನ ಕ್ರಿಸೊಸ್ಟೊಮನು ಕೊರಿಂಥದ ಸಭೆಯಲ್ಲಿ ಕಂಡಂಥ ವರಗಳು ತನ್ನ ಕಾಲದಲ್ಲಿ ನಡೆಯುತ್ತಿಲ್ಲವೆಂದು ಪ್ರಸಂಗಗಳಲ್ಲಿ ಹೇಳಿದನು. ಆಗಸ್ಟೀನನು ಮೊದಲು ಅದೇ ಅಭಿಪ್ರಾಯದವನಾಗಿದ್ದರೂ ಮುಂದೆ ತಾನು ಬಲ್ಲ ರೋಗಶಮನಗಳನ್ನು ‘ದೇವನಗರ’ ಗ್ರಂಥದ ಕೊನೆಯ ಸಂಪುಟದಲ್ಲಿ ದಾಖಲಿಸಿದನು. ವರಗಳು ನಿಂತುಹೋದವೇ ಇಲ್ಲವೇ ಎಂಬ ಈ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಎರಡೂ ಪಕ್ಷಗಳು ಚರ್ಚಿಸಿದ್ದು ಅಸಾಧಾರಣ ವರಗಳನ್ನು ಮಾತ್ರ. ರೋಗಿಯ ಬಳಿ ಕೂರುವ, ಮಕ್ಕಳಿಗೆ ಪಾಠ ಹೇಳುವ, ಊರಿನ ವ್ಯಾಜ್ಯ ತೀರಿಸುವ ವರಗಳು ನಿಂತವೆಂದು ಯಾರೂ ಹೇಳಲಿಲ್ಲ. ಅವುಗಳ ಬಗ್ಗೆ ಬರೆದವರೂ ಕಡಿಮೆ. ಮಲೆನಾಡಿನ ಚರಿತ್ರೆಯಲ್ಲಿ ಮುಖ್ಯವಾದವು ಅವೇ.

ಕೆಳದಿಯ ಕಾಲದಿಂದ ಶ್ರೀರಂಗಪಟ್ಟಣದ ಸೆರೆಯವರೆಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕ್ರೈಸ್ತ ಚರಿತ್ರೆ ಕೆಳದಿ ಅರಸರ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ. ಕೆಳದಿ ಮತ್ತು ಇಕ್ಕೇರಿ ಸಾಗರ ತಾಲ್ಲೂಕಿನಲ್ಲಿವೆ, ರಾಜಧಾನಿಯಾಗಿದ್ದ ಬಿದನೂರು ಈಗಿನ ಹೊಸನಗರ ತಾಲ್ಲೂಕಿನ ನಗರ, ಕವಲೇದುರ್ಗದ ಕೋಟೆ ತೀರ್ಥಹಳ್ಳಿ ತಾಲ್ಲೂಕಿನದು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು ಬರೆದಿದ್ದಾನೆ. ಘಟ್ಟದ ಕೆಳಗಿನ ಬಸ್ರೂರು, ಗಂಗೊಳ್ಳಿ, ಮಂಗಳೂರು ಕೂಡ ಕೆಳದಿಯ ಆಡಳಿತಕ್ಕೆ ಸೇರಿದ್ದವು. ಗೋವೆಯಿಂದ ಬಂದ ಕೊಂಕಣಿ ಕ್ರೈಸ್ತರು ಅಲ್ಲಿ ಬೇಸಾಯ ಹಿಡಿದು ನೆಲೆಸಿದರು. ಈ ಜನರ ನಡುವೆ 1681ರಿಂದ 1684ರವರೆಗೆ ದುಡಿದವರು ಪಾದ್ರಿ ಜೋಸೆಫ್ ವಾಜ್. ಅದು ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯ ಕಾಲ. ಪಾದ್ರಿಗಳ ಕೊರತೆಯಿದ್ದ ಆ ನಾಡಿನಲ್ಲಿ ಅವರು ಮಕ್ಕಳಿಗೆ ಪಾಠಶಾಲೆಗಳನ್ನೂ ಸಾಮಾನ್ಯ ವಿಶ್ವಾಸಿಗಳ ಸೇವಾಕೂಟಗಳನ್ನೂ ಕಟ್ಟಿದರು. ತಾವು ಹೊರಟುಹೋದ ಮೇಲೂ ಜನರೇ ನಡೆಸಿಕೊಂಡು ಹೋಗಬಲ್ಲ ವ್ಯವಸ್ಥೆ ಅದು. ಮುಂದೆ ಅವರು ಸಿಲೋನಿಗೆ ಹೋಗಿ, ಕ್ಯಾಂಡಿಯಲ್ಲಿ ಸಿಡುಬು ಹಬ್ಬಿದಾಗ ಮನೆಯವರೇ ಬಿಟ್ಟುಹೋದ ರೋಗಿಗಳ ಆರೈಕೆ ಮಾಡಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು.

ವಾಜ್ ಕಟ್ಟಿದಂಥ ವ್ಯವಸ್ಥೆಯ ಬೆಲೆ ನೂರು ವರ್ಷಗಳ ನಂತರ ತಿಳಿಯಿತು. ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಕರಾವಳಿಯೂ ಮೈಸೂರಿನ ವಶವಾಯಿತು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಪಾದ್ರಿಗಳನ್ನು ನಾಡಿನಿಂದ ಹೊರಗಟ್ಟಲಾಯಿತು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, ಹಲವು ಹತ್ತು ಸಾವಿರವೆಂಬುದರಲ್ಲಿ ಅನುಮಾನವಿಲ್ಲ. 1799ರವರೆಗೆ, ಹದಿನೈದು ವರ್ಷಗಳ ಕಾಲ, ಈ ಜನರ ಪ್ರಾರ್ಥನೆ, ಕೂಸುಗಳ ಜ್ಞಾನಸ್ನಾನ, ಸತ್ತವರ ಸಂಸ್ಕಾರದ ಹೊಣೆಯೆಲ್ಲ ಬಹುಮಟ್ಟಿಗೆ ಅವರವರ ಹಿರಿಯರ ಮೇಲೆಯೇ ಬಿತ್ತು. ಬಿಡುಗಡೆಯ ನಂತರ ಮರಳಿದವರು ಮತ್ತೆ ಸಭೆಗಳನ್ನು ಕಟ್ಟಿಕೊಂಡದ್ದನ್ನು ನೋಡಿದರೆ, ವಿಶ್ವಾಸವನ್ನು ಹೊತ್ತು ತಂದದ್ದು ದೀಕ್ಷೆ ಪಡೆದ ಅಧಿಕಾರಿಗಳಲ್ಲ, ಹೆಸರು ಉಳಿಯದ ಗೃಹಸ್ಥರು ಮತ್ತು ಹೆಂಗಸರು ಎಂಬುದು ಸ್ಪಷ್ಟ. ಕೊಂಕಣಿ ಕ್ರೈಸ್ತರಲ್ಲಿ ಇಂದಿಗೂ ಪ್ರತಿ ವಾಡೆಗೆ (ಕೇರಿಗೆ) ಒಬ್ಬ ಗುರಿಕಾರ ಇರುತ್ತಾನೆ. ಕಷ್ಟದಲ್ಲಿರುವ ಮನೆಯ ಸುದ್ದಿಯನ್ನು ಪಾದ್ರಿಗೆ ಮುಟ್ಟಿಸುವುದು, ವಾಡೆಯ ಜನರನ್ನು ಪ್ರಾರ್ಥನೆಗೆ ಕೂಡಿಸುವುದು, ಜಗಳ ಬಗೆಹರಿಸುವುದು ಅವನ ಪಾಲಿನ ಕೆಲಸ. ಪೌಲನು ಆಡಳಿತ ಮತ್ತು ಪರೋಪಕಾರದ ವರಗಳೆಂದು ಕರೆದವು ಈ ನೆಲದಲ್ಲಿ ಪಡೆದುಕೊಂಡ ರೂಪ ಇದು. ಕರಾವಳಿಯಿಂದ ಘಟ್ಟ ಹತ್ತಿ ಅಡಿಕೆ, ಕಾಫಿ ತೋಟಗಳ ಕೆಲಸಕ್ಕೆ ಬಂದ ಕುಟುಂಬಗಳ ಜೊತೆ ಆ ಪರಂಪರೆಯೂ ಮಲೆನಾಡಿಗೆ ಬಂತು.

ಮಿಷನ್ನುಗಳ ಕಾಲ

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರೊಟೆಸ್ಟಂಟ್ ಮಿಷನ್ನುಗಳು ಕನ್ನಡನಾಡಿಗೆ ಬಂದವು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡದಲ್ಲಿ ಹೊರತಂದನು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿತು. ಶಿವಮೊಗ್ಗ ಸೀಮೆ ವೆಸ್ಲಿಯನ್ ಮಿಷನ್ನಿನ ಪಾಲಿಗೆ ಬಂತು. ವೆಸ್ಲಿಯನ್ನರದು ಹುಟ್ಟಿನಿಂದಲೇ ಸಾಮಾನ್ಯರ ವರಗಳನ್ನು ನೆಚ್ಚಿದ ಪಂಗಡ. ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ದೀಕ್ಷೆಯಿಲ್ಲದ ಕಸುಬುದಾರರನ್ನೂ ವ್ಯಾಪಾರಿಗಳನ್ನೂ ಬೋಧಕರನ್ನಾಗಿ ಮಾಡಿದ್ದನು. ಇಲ್ಲಿಯೂ ಮಿಷನ್ನಿನ ಭಾರ ಹೊತ್ತವರು ಊರೂರು ತಿರುಗುತ್ತಿದ್ದ ಕನ್ನಡದ ಉಪದೇಶಿಗಳು, ಶಾಲೆಯ ಮೇಷ್ಟ್ರುಗಳು, ಮನೆಮನೆಗೆ ಹೋಗಿ ಹೆಂಗಸರಿಗೆ ಓದು ಕಲಿಸುತ್ತಿದ್ದ ಸ್ತ್ರೀಯರು. ವರದಿಗಳಲ್ಲಿ ವಿದೇಶಿ ಪಾದ್ರಿಗಳ ಹೆಸರು ದೊಡ್ಡದಾಗಿ ಕಾಣುತ್ತದೆ, ಜನರ ಮನೆಯೊಳಗೆ ಹೋದವರು ಈ ನೆಲದವರೇ. ವರ ಯಾವುದು ಎಂಬ ಪ್ರಶ್ನೆಗೆ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲರ ಬದುಕು ಇನ್ನೊಂದು ಉತ್ತರ ಕೊಡುತ್ತದೆ. ಅವರ ಪಾಂಡಿತ್ಯ ಮತಪ್ರಚಾರಕ್ಕೆ ಏನು ಉಪಯೋಗವೆಂಬ ಸಂಶಯ ಮಿಷನ್ನಿನೊಳಗೇ ಇತ್ತು. ಆದರೂ 1894ರಲ್ಲಿ ಅಚ್ಚಾದ ಅವರ ನಿಘಂಟು ಜಾತಿಮತವನ್ನು ಕೇಳದೆ ಎಲ್ಲ ಕನ್ನಡಿಗರಿಗೂ ದಕ್ಕಿತು. ಅದಕ್ಕಿಂತ ನಿರ್ಮಲವಾದ ಬೋಧನೆಯ ವರವನ್ನು ಆ ಕಾಲದಲ್ಲಿ ಕಾಣುವುದು ಕಷ್ಟ.

ಅಸಾಧಾರಣ ವರಗಳ ಚರ್ಚೆ ಮತ್ತೆ ಎದ್ದಾಗಲೂ ಅದಕ್ಕೆ ಮಲೆನಾಡಿನ ನಂಟಿತ್ತು. ತೀರ್ಥಹಳ್ಳಿಯ ಮೂಲಕ ಹರಿಯುವ ತುಂಗೆ ಹುಟ್ಟುವುದು ಗಂಗಾಮೂಲದಲ್ಲಿ. ಅದೇ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಪಂಡಿತಾ ರಮಾಬಾಯಿ ಹುಟ್ಟಿದರು. ಅವರ ತಂದೆ ಅನಂತ ಶಾಸ್ತ್ರಿಗಳು ವಿರೋಧ ಎದುರಿಸಿಯೂ ಹೆಂಡತಿಗೆ ಸಂಸ್ಕೃತ ಕಲಿಸಿದವರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ಮತಕ್ಕೆ ಸೇರಿದರು. ಮುಂದೆ ಪುಣೆಯ ಹತ್ತಿರದ ಕೇಡಗಾಂವದಲ್ಲಿ ವಿಧವೆಯರಿಗೆ ಮತ್ತು ಬರಗಾಲದಲ್ಲಿ ಅನಾಥರಾದ ಹುಡುಗಿಯರಿಗೆ ‘ಮುಕ್ತಿ’ ಆಶ್ರಯವನ್ನು ಕಟ್ಟಿದರು. 1905ರಲ್ಲಿ ಅಲ್ಲಿ ದೊಡ್ಡ ಆತ್ಮಿಕ ಜಾಗೃತಿ ಕಾಣಿಸಿತು. ಆ ಹುಡುಗಿಯರು ಕಣ್ಣೀರಿಟ್ಟು ಪ್ರಾರ್ಥಿಸಿದರು. ಮುಂದೆ ಅನ್ಯಭಾಷೆಯ ಅನುಭವಗಳೂ ವರದಿಯಾದವು. ಇಂಥ ವರಗಳಿಗೆ ಒತ್ತು ಕೊಡುವ ಪೆಂತೆಕೊಸ್ತ್ ಚಳವಳಿಯ ಆರಂಭವೆಂದು ಹಲವರು ಗುರುತಿಸುವ ಲಾಸ್ ಏಂಜಲೀಸಿನ ಅಜುಸಾ ಬೀದಿಯ ಸಭೆ ನಡೆದದ್ದು ಅದರ ಮರುವರ್ಷ, 1906ರಲ್ಲಿ. ರಮಾಬಾಯಿ ಅನ್ಯಭಾಷೆಯನ್ನು ಅಲ್ಲಗಳೆಯಲಿಲ್ಲ, ಆದರೆ ಅದು ಪ್ರತಿಯೊಬ್ಬರಲ್ಲಿಯೂ ಕಾಣಲೇಬೇಕಾದ ಗುರುತೆಂದು ಒಪ್ಪಲೂ ಇಲ್ಲ. ಆ ಆಶ್ರಯದಲ್ಲಿ ಜಾಗೃತಿಯ ಜೊತೆಗೇ ನೇಯ್ಗೆ, ಹೊಲಿಗೆ, ಅಚ್ಚುಕೂಟ, ಕುರುಡರ ಪಾಠ ಎಲ್ಲವೂ ನಡೆದವು. ಮಗಳು ಮನೋರಮಾ ಕನ್ನಡ ಸೀಮೆಯ ಕಲಬುರ್ಗಿಯಲ್ಲಿಯೂ ಶಾಲೆ ತೆರೆದರು. ಆವೇಶ ಮತ್ತು ಆರೈಕೆ ಒಂದೇ ಸೂರಿನಡಿ ಬಾಳಬಲ್ಲವು, ಆವೇಶವನ್ನು ಅಳೆಯಬೇಕಾದ ಮಾನದಂಡ ಆರೈಕೆಯೇ ಎಂಬುದಕ್ಕೆ ಮುಕ್ತಿ ಆಶ್ರಯ ಸಾಕ್ಷಿ.

ಇಪ್ಪತ್ತನೆಯ ಶತಮಾನ ಮತ್ತು ಅನಂತರ

ದಕ್ಷಿಣ ಭಾರತದ ಹಲವು ಪ್ರೊಟೆಸ್ಟಂಟ್ ಸಭೆಗಳು 1947ರ ಸೆಪ್ಟೆಂಬರಿನಲ್ಲಿ ಒಂದುಗೂಡಿ ದಕ್ಷಿಣ ಭಾರತ ಸಭೆಯಾದವು. ವೆಸ್ಲಿಯನ್ ಪರಂಪರೆಯೂ ಅದರಲ್ಲಿ ಬೆರೆಯಿತು. ಕಥೋಲಿಕರಲ್ಲಿ ದೊಡ್ಡ ತಿರುವು ತಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆ. 1963ರ ಚರ್ಚೆಯಲ್ಲಿ ಕಾರ್ಡಿನಲ್ ರುಫ್ಫಿನಿ ವರಗಳು ಆದಿಸಭೆಯಲ್ಲಿ ಹೇರಳವಾಗಿದ್ದವು, ಈಗ ಅಪರೂಪವೆಂದು ವಾದಿಸಿದರು. ಕಾರ್ಡಿನಲ್ ಸ್ಯೂನೆನ್ಸ್ ಇದಕ್ಕೆ ಉತ್ತರವಾಗಿ ಪ್ರತಿಯೊಬ್ಬ ಸಾಮಾನ್ಯ ಕ್ರೈಸ್ತನಲ್ಲಿಯೂ ವರಗಳಿವೆ ಎಂದರು. 1964ರಲ್ಲಿ ಹೊರಬಂದ ಸಭೆಯ ಕುರಿತ ಶಾಸನ ಎರಡನೆಯ ನಿಲುವನ್ನು ಒಪ್ಪಿತು. ಪಾದ್ರಿಗಳ ಹೊರತಾಗಿ ಗುರಿಕಾರರ ಮೇಲೆ ನಿಂತಿದ್ದ ಕೊಂಕಣಿ ಸಮುದಾಯಕ್ಕೆ ಅದು ತಮ್ಮ ಬಾಳ್ವೆಗೆ ಸಿಕ್ಕ ಮನ್ನಣೆಯಂತಿತ್ತು. ಮೈಸೂರಿನಿಂದ 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರವೂ, ಅದರಿಂದ 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರವೂ ಬೇರೆಯಾದವು. ಕೇರಳದಿಂದ ವಲಸೆ ಬಂದ ಸಿರಿಯನ್ ಕಥೋಲಿಕರಿಗಾಗಿ 2007ರಲ್ಲಿ ಭದ್ರಾವತಿ ಧರ್ಮಕ್ಷೇತ್ರ ಹುಟ್ಟಿತು. ಹೀಗೆ ಕೊಂಕಣಿ, ಮಲಯಾಳಂ, ತಮಿಳು ಮನೆಮಾತಿನವರೂ ಕನ್ನಡಿಗರೂ ಒಂದೇ ಜಿಲ್ಲೆಯಲ್ಲಿ ಬಾಳುತ್ತಿದ್ದಾರೆ. ಇಂಥ ಕಡೆ ಪಕ್ಕದವರಿಗೂ ತಿಳಿಯುವ ಕನ್ನಡದಲ್ಲಿ ಪ್ರಾರ್ಥಿಸುವುದು ಅನುಕೂಲವಷ್ಟೇ ಅಲ್ಲ. ಅರ್ಥವಾಗುವ ಐದು ಮಾತುಗಳ ಬಗ್ಗೆ ಪೌಲನು ಕೊಟ್ಟ ಸೂಚನೆಯನ್ನು ಪಾಲಿಸಿದಂತೆ.

ಆಕ್ಷೇಪಗಳು

ಮೊದಲ ಆಕ್ಷೇಪ ಕ್ರೈಸ್ತರ ಹೊರಗಿನಿಂದ ಬರುವಂಥದು: ಶಾಲೆ, ಆಸ್ಪತ್ರೆ, ಅಕ್ಕಿ ಬೇಳೆಯ ನೆರವು ಮತಾಂತರಕ್ಕೆ ಒಡ್ಡಿದ ಆಮಿಷವಲ್ಲವೇ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತೀರ್ಥಹಳ್ಳಿ ಸೀಮೆಯ ಬದುಕನ್ನು ಚಿತ್ರಿಸುವ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಮಿಷನ್ನಿನ ಪಾದ್ರಿಯ ಸ್ನೇಹ ಮತ್ತು ಮತಾಂತರದ ಹಂಬಲ ಒಂದರೊಳಗೊಂದು ಸಿಕ್ಕಿಕೊಂಡೇ ಬರುತ್ತವೆ. 2022ರ ಕರ್ನಾಟಕದ ಮತಾಂತರ ನಿಷೇಧ ಕಾಯ್ದೆಯು ಮತೀಯ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಇದಕ್ಕೆ ಕ್ರೈಸ್ತ ಶಾಸ್ತ್ರದೊಳಗೇ ಉತ್ತರವಿದೆ. ವರವನ್ನು ಹಣ ಕೊಟ್ಟು ಕೊಳ್ಳಲು ಬಂದ ಮಾಂತ್ರಿಕ ಸೀಮೋನನನ್ನು ಪೇತ್ರನು ಗದರಿಸಿದ ಕಥೆ ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿದೆ. ಕೊಳ್ಳಲಾಗದ್ದನ್ನು ಮಾರಲೂ ಆಗದು. ಷರತ್ತು ಹಾಕಿ ಮಾಡಿದ ಸೇವೆ ವರವಾಗಿ ಉಳಿಯದೆ ವ್ಯಾಪಾರವಾಗುತ್ತದೆ. ಅಂಥದ್ದು ನಡೆದ ಕಡೆ ತಪ್ಪೊಪ್ಪಬೇಕಾದವರು ಕ್ರೈಸ್ತರೇ. ಆದರೆ ಎಲ್ಲ ಸೇವೆಯನ್ನೂ ಆಮಿಷವೆಂದು ಎಣಿಸಿದರೆ, ಏನನ್ನೂ ಬಯಸದೆ ಪಾಠ ಹೇಳಿದ, ಗಾಯ ಕಟ್ಟಿದ ಸಾವಿರಾರು ಜನರಿಗೆ ಅನ್ಯಾಯವಾಗುತ್ತದೆ. ಮಿಷನ್ ಶಾಲೆಗಳಲ್ಲಿ ಓದಿದ ಬಹುಪಾಲು ಮಕ್ಕಳು ತಮ್ಮ ತಮ್ಮ ಮತದಲ್ಲಿಯೇ ಉಳಿದರು. ಮೈಸೂರಿನ ವೆಸ್ಲಿಯನ್ ಹೈಸ್ಕೂಲಿನಲ್ಲಿ ಓದಿದ ಕುವೆಂಪು ಅವರೇ ಇದಕ್ಕೆ ನಿದರ್ಶನ.

ಎರಡನೆಯ ಆಕ್ಷೇಪ ಪೆಂತೆಕೊಸ್ತ್ ವಿಶ್ವಾಸಿಗಳದು: ವರವನ್ನು ಸೇವೆಯೆಂದು ಅಳೆದರೆ ಪವಿತ್ರಾತ್ಮನನ್ನು ಸಮಾಜಸೇವೆಯ ಮಟ್ಟಕ್ಕೆ ಇಳಿಸಿದಂತಲ್ಲವೇ? ಈ ಎಚ್ಚರಿಕೆಯಲ್ಲಿ ಸತ್ಯವಿದೆ. ಪ್ರಾರ್ಥನೆ ಆರಿಹೋದ ಸಂಸ್ಥೆ ಕಟ್ಟಡ ಮತ್ತು ಲೆಕ್ಕಪತ್ರವಾಗಿ ಉಳಿಯಬಹುದು. ಆದರೆ ಪೌಲನು ರೋಗಶಮನವನ್ನೂ ಪರೋಪಕಾರವನ್ನೂ ಒಂದೇ ಪಟ್ಟಿಯಲ್ಲಿ, ಒಬ್ಬನೇ ಆತ್ಮನ ಕೆಲಸವೆಂದು ಬರೆದಿದ್ದಾನೆ. ಮೇಲು ಕೀಳು ಮಾಡಿದವರು ಅನಂತರದವರು. ಮೂರನೆಯ ಆಕ್ಷೇಪ ಸಭೆಯೊಳಗಿನ ದನಿ: ಎಲ್ಲರಿಗೂ ವರವಿದೆ ಎನ್ನುವ ಸಭೆ ದಲಿತರಿಗೂ ಹೆಂಗಸರಿಗೂ ದುಡಿಮೆಯನ್ನು ಹಂಚಿ, ಅಧಿಕಾರವನ್ನು ಕೆಲವರಲ್ಲೇ ಉಳಿಸಿಕೊಂಡಿಲ್ಲವೇ? ಇದು ಬಹುಮಟ್ಟಿಗೆ ನಿಜ. ದಕ್ಷಿಣ ಭಾರತ ಸಭೆ ಸ್ತ್ರೀಯರಿಗೆ ದೀಕ್ಷೆ ಕೊಟ್ಟು, 2013ರಲ್ಲಿ ನಂದ್ಯಾಲಕ್ಕೆ ಪುಷ್ಪಾ ಲಲಿತಾ ಅವರನ್ನು ಬಿಷಪ್ಪರನ್ನಾಗಿ ಮಾಡಿತು; ಕಥೋಲಿಕರಲ್ಲಿ ಆ ಬಾಗಿಲು ತೆರೆದಿಲ್ಲ. ಆದರೆ ಈ ಆಕ್ಷೇಪ ವರಗಳ ಬೋಧನೆಯನ್ನು ಮುರಿಯುವುದಿಲ್ಲ, ಅದನ್ನು ಪೂರ್ತಿ ನಡೆಸಿ ಎಂದು ಕೇಳುತ್ತದೆ. ಕೈಗೆ ನಿನ್ನ ಅಗತ್ಯವಿಲ್ಲವೆಂದು ಕಣ್ಣು ಹೇಳಲಾರದು ಎಂದು ಬರೆದ ಪೌಲನು ದುರ್ಬಲವೆನಿಸುವ ಅಂಗಗಳಿಗೇ ಹೆಚ್ಚು ಮಾನ ಸಲ್ಲಬೇಕೆಂದನು. ಶ್ರೀರಂಗಪಟ್ಟಣದ ಸೆರೆಯಲ್ಲಿ ಸಭೆಯನ್ನು ಉಳಿಸಿದ ಗೃಹಸ್ಥರ, ಮನೆಮನೆಗೆ ಹೋಗಿ ಅಕ್ಷರ ಕಲಿಸಿದ ಹೆಂಗಸರ ದುಡಿಮೆಯನ್ನು ವರವೆಂದು ಒಪ್ಪುವ ಸಭೆ, ಅಂಥವರ ಮಾತಿಗೆ ತನ್ನ ನಿರ್ಧಾರಗಳಲ್ಲಿಯೂ ಸಮಪಾಲು ಕೊಡಬೇಕು. ಅಲ್ಲಿಯವರೆಗೆ ಎಲ್ಲರಿಗೂ ವರವಿದೆ ಎಂಬ ಬೋಧನೆ ಅರ್ಧ ಮಾತ್ರ ನಡೆದಂತಾಗುತ್ತದೆ.