ಬಳ್ಳಾರಿಯಲ್ಲಿ ರಾತ್ರಿ ತಂಗಿದ ಲಂಡನ್ ಟಪಾಲು

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಯಾವ ಊರಿಗೆ ಹೋದರೂ ಮಗನೋ ಮಗಳೋ ಹೊರದೇಶದಲ್ಲಿರುವ ಒಂದೆರಡು ಮನೆಗಳು ಇಂದು ಸಿಕ್ಕೇ ಸಿಗುತ್ತವೆ. ಮಗಳ ಬಾಣಂತನಕ್ಕೆಂದು, ಮೊಮ್ಮಗನ ನಾಮಕರಣಕ್ಕೆಂದು ಹಿರಿಯರು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ನಡುರಾತ್ರಿಯ ವಿಮಾನ ಹಿಡಿಯುತ್ತಾರೆ. ಹೊಲಮನೆಗಳ ಮಾತಿನ ನಡುವೆಯೇ ‘ಎಕಾನಮಿ’, ‘ಬಿಸಿನೆಸ್ ಕ್ಲಾಸ್’ ಎಂಬ ಪದಗಳೂ ಸಹಜವಾಗಿ ಬಂದುಹೋಗುತ್ತವೆ. ಆಕಾಶದಲ್ಲಿ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಯುರೋಪಿನಲ್ಲಿಳಿಯುವುದು ಯಾರಿಗೂ ಅಚ್ಚರಿಯ ಸಂಗತಿಯಾಗಿ ಉಳಿದಿಲ್ಲ.

ಆದರೆ ಕತ್ತಲಾದೊಡನೆ ವಿಮಾನವು ನೆಲಕ್ಕಿಳಿಯಲೇಬೇಕಾಗಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಲಂಡನ್ನಿನಿಂದ ಮದರಾಸಿಗೆ ಹೊರಟ ಟಪಾಲು ತನ್ನ ಪಯಣದ ಕೊನೆಯ ರಾತ್ರಿಯನ್ನು ಕಳೆದದ್ದು ನಮ್ಮ ಬಳ್ಳಾರಿಯಲ್ಲಿ. ಭಾರತದ ವಿಮಾನಯಾನದ ಚರಿತ್ರೆಯ ಮೊದಲ ಪುಟದಲ್ಲಿಯೇ ನಮ್ಮೂರಿನ ಹೆಸರಿದೆ ಎಂಬುದನ್ನು ನಮ್ಮ ಮಕ್ಕಳು ತಿಳಿಯಬೇಕೆಂಬ ಆಸೆಯಿಂದ ಈ ಬರಹ.

1929ರ ಮಾರ್ಚ್ ತಿಂಗಳಿನಲ್ಲಿ ಬ್ರಿಟಿಷರ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯು ಲಂಡನ್–ಕರಾಚಿ ನಡುವೆ ವಿಮಾನ ಸೇವೆಯನ್ನು ಆರಂಭಿಸಿತು. ಕರಾಚಿಗೆ ಬಂದಿಳಿದ ಟಪಾಲನ್ನು ದಕ್ಷಿಣ ಭಾರತಕ್ಕೂ ವಿಮಾನದಲ್ಲಿಯೇ ಏಕೆ ಸಾಗಿಸಬಾರದು ಎಂದು ಯೋಚಿಸಿದವನು ನೆವಿಲ್ ವಿನ್ಸೆಂಟ್ ಎಂಬ, ಬ್ರಿಟಿಷ್ ವಾಯುಪಡೆಯಲ್ಲಿದ್ದ ವಿಮಾನ ಚಾಲಕ. ಅವನಿಗೆ ಜೊತೆಯಾದವರು, 1929ರ ಫೆಬ್ರುವರಿ 10ರಂದು ಭಾರತದ ಮೊದಲನೆಯ ವಿಮಾನ ಚಾಲನಾ ಪರವಾನಗಿ ಪಡೆದಿದ್ದ ಜೆ.ಆರ್.ಡಿ. ಟಾಟಾ. ಟಾಟಾ ಸಂಸ್ಥೆಯು ಎರಡು ಲಕ್ಷ ರೂಪಾಯಿ ಬಂಡವಾಳ ತೊಡಗಿಸಿತು. ಸರ್ಕಾರದಿಂದ ಸಹಾಯಧನವಿಲ್ಲ; ಸಾಗಿಸಿದ ಟಪಾಲಿನ ತೂಕಕ್ಕೆ ತಕ್ಕ ಹಣ ಮಾತ್ರ ಎಂಬುದು ಒಪ್ಪಂದವಾಗಿತ್ತು. ಕರಾಚಿ, ಅಹಮದಾಬಾದು, ಮುಂಬಯಿ, ಬಳ್ಳಾರಿ, ಮದರಾಸು ಎಂದು ಮಾರ್ಗ ಗೊತ್ತಾಯಿತು.

1932ರ ಅಕ್ಟೋಬರ್ 15ರ ಮುಂಜಾನೆ ಜೆ.ಆರ್.ಡಿ.ಯವರು ‘ಪಸ್ ಮಾತ್’ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಅವರ ವಿಮಾನಕ್ಕೆ ಬೇಕಾದ ಪೆಟ್ರೋಲು ಡಬ್ಬಿಗಳಲ್ಲಿ, ಎತ್ತಿನ ಗಾಡಿಯ ಮೇಲೆ ಬಂದಿತು! ಮಧ್ಯಾಹ್ನ ಅವರು ಮುಂಬಯಿಯ ಜುಹೂ ಬಯಲಿನಲ್ಲಿಳಿದರು. ಅಲ್ಲಿ ಕಾದಿದ್ದ ವಿನ್ಸೆಂಟ್ ಟಪಾಲನ್ನು ಮತ್ತೊಂದು ಪಸ್ ಮಾತ್‌ಗೆ ಏರಿಸಿಕೊಂಡು ಬಳ್ಳಾರಿಯತ್ತ ಹೊರಟನು. ಆ ರಾತ್ರಿ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದರಾಸು ಮುಟ್ಟಿದನು.

ಕರಾಚಿಯಿಂದ ಹೊರಟಾಗ ಆ ಟಪಾಲಿನ ತೂಕ ಸುಮಾರು 25 ಕಿಲೋ. ಇಂದು ಹೊರದೇಶಕ್ಕೆ ಹೋಗುವ ಸಾಮಾನ್ಯ ಪ್ರಯಾಣಿಕನ ಒಂದು ಸೂಟ್‌ಕೇಸಿಗೆ ಬಹುತೇಕ ಸಂಸ್ಥೆಗಳು 23 ಕಿಲೋ ತೂಕಕ್ಕೆ ಅನುಮತಿ ನೀಡುತ್ತವೆ. ನಮ್ಮ ತಾಯಂದಿರು ಮಗಳಿಗಾಗಿ ಕಟ್ಟುವ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿಗಳ ಒಂದು ಗಂಟಿನಷ್ಟು ಭಾರ ಹೊತ್ತು ಭಾರತದ ನಾಗರಿಕ ವಿಮಾನಯಾನವು ತನ್ನ ಮೊದಲ ಹೆಜ್ಜೆಯನ್ನಿಟ್ಟಿತು.

ಬಳ್ಳಾರಿಯಲ್ಲಿ ತಂಗುವ ಅಗತ್ಯವೇನಿತ್ತು? ಆ ವಿಮಾನದ ವೇಗ ಗಂಟೆಗೆ ಸುಮಾರು 170 ಕಿಲೋಮೀಟರು. ಅದರಲ್ಲಿ ರೇಡಿಯೋ ಇರಲಿಲ್ಲ. ಇಳಿಯುವ ಬಯಲುಗಳಲ್ಲಿ ದೀಪಗಳಿರಲಿಲ್ಲ. ಚಾಲಕನು ಕೆಳಗಿನ ರೈಲು ಹಳಿ, ನದಿ, ಗುಡ್ಡಗಳ ಗುರುತು ಹಿಡಿದೇ ದಾರಿ ಕಂಡುಕೊಳ್ಳಬೇಕು. ಭೂಪಟದಲ್ಲಿ ಮುಂಬಯಿಯಿಂದ ಬಳ್ಳಾರಿಗೆ ನೇರ ಗೆರೆಯೊಂದನ್ನೆಳೆದು ನೋಡಿ: ಸುಮಾರು 610 ಕಿಲೋಮೀಟರು. ಆ ಗೆರೆ ಕಂಪ್ಲಿಯ ಆಸುಪಾಸಿನಲ್ಲಿ ತುಂಗಭದ್ರೆಯನ್ನು ದಾಟುತ್ತದೆ. ಎಡಗಡೆಗೆ ಕುರುಗೋಡಿನ ಗುಡ್ಡಗಳು, ಅದರಾಚೆ ನದಿಯ ದಡಕ್ಕೆ ಸಿರುಗುಪ್ಪ. ತುಂಗಭದ್ರಾ ಕಾಲುವೆಗಳು ಬರಲು ಇನ್ನೂ ಇಪ್ಪತ್ತು ವರ್ಷವಿದ್ದುದರಿಂದ ಇಂದಿನ ಭತ್ತದ ಹಸಿರು ಇಷ್ಟು ಹಬ್ಬಿರಲಿಲ್ಲ; ಎರೆನೆಲದ ಬಯಲು ಕಣ್ಣು ಹಾಯುವವರೆಗೂ ಹರಡಿತ್ತು. ಆ ಬಯಲಿನ ನಡುವೆ ಎದ್ದು ನಿಂತ ಬಳ್ಳಾರಿಯ ಏಕಶಿಲೆಯ ಕೋಟೆಗುಡ್ಡಕ್ಕಿಂತ ಒಳ್ಳೆಯ ಗುರುತು ಚಾಲಕನಿಗೆ ಬೇರೇನು ಬೇಕಿತ್ತು? ಅಲ್ಲಿಂದ ಮದರಾಸಿಗೆ ಮತ್ತೆ ಸುಮಾರು 430 ಕಿಲೋಮೀಟರು. ಮಧ್ಯಾಹ್ನದ ಮೇಲೆ ಮುಂಬಯಿ ಬಿಟ್ಟವನಿಗೆ ಹೊತ್ತು ಮುಳುಗುವ ಮೊದಲು ಮದರಾಸು ದೂರದ ಮಾತೇ ಸರಿ.

ಲಂಡನ್ನಿನಿಂದ ಕರಾಚಿಯವರೆಗಿನ ಯಾನವೂ ಹೀಗೆಯೇ ರಾತ್ರಿಗೊಂದು ತಂಗುದಾಣವೆಂಬಂತೆ ಸಾಗುತ್ತಿತ್ತು. ಅದಕ್ಕೆ ಸುಮಾರು ಒಂದು ವಾರ ಹಿಡಿಯುತ್ತಿತ್ತು. ಅದೇ 1932ರ ಅಕ್ಟೋಬರಿನಲ್ಲಿ ಇಂಪೀರಿಯಲ್ ಏರ್‌ವೇಸ್ ಪರ್ಷಿಯಾದ ಕರಾವಳಿಯನ್ನು ಬಿಟ್ಟು ಅರಬ್ ಕರಾವಳಿಯ ಶಾರ್ಜಾವನ್ನು ತನ್ನ ತಂಗುದಾಣವಾಗಿ ಮಾಡಿಕೊಂಡಿತು. ಮರಳುಗಾಡಿನ ಆ ಸಣ್ಣ ಊರಿನಲ್ಲಿ ಪ್ರಯಾಣಿಕರ ರಾತ್ರಿವಾಸಕ್ಕಾಗಿ ಕೋಟೆಯಂತಹ ವಿಶ್ರಾಂತಿಗೃಹವೊಂದು ಎದ್ದಿತು. ಒಂದೇ ತಿಂಗಳಿನಲ್ಲಿ, ಒಂದೇ ದಾರಿಯಲ್ಲಿ, ಶಾರ್ಜಾ ಮತ್ತು ಬಳ್ಳಾರಿ ಅಕ್ಕತಂಗಿಯರಂತೆ ರಾತ್ರಿಯ ತಂಗುದಾಣಗಳಾದವು.

ಮೊದಲನೆಯ ವರ್ಷದಲ್ಲಿ ಟಾಟಾ ವಿಮಾನಗಳು ಸಾಗಿಸಿದ್ದು ಹತ್ತು ಟನ್ನಿಗೂ ಹೆಚ್ಚು ಟಪಾಲು ಮತ್ತು 155 ಪ್ರಯಾಣಿಕರನ್ನು. ಲಾಭ 60,000 ರೂಪಾಯಿ. ಟಪಾಲೇ ಅಲ್ಲಿ ಯಜಮಾನ. ಚೀಲಗಳಿಗೆ ಜಾಗ ಸಾಲದಿದ್ದರೆ ಪ್ರಯಾಣಿಕನೇ ಹೊಂದಿಕೊಂಡು ಕುಳಿತುಕೊಳ್ಳಬೇಕಾಗಿತ್ತು. ದರ್ಜೆಗಳೆಂಬುವು ಹುಟ್ಟಿರಲಿಲ್ಲ. ಮುಂದೆ ಅದೇ ದಶಕದಲ್ಲಿ ಹೈದರಾಬಾದು ಆ ಮಾರ್ಗದಲ್ಲಿ ಸೇರಿಕೊಂಡಿತು; ಬಳ್ಳಾರಿ ಕೈಬಿಟ್ಟುಹೋಯಿತು. ವಿನ್ಸೆಂಟನು 1942ರಲ್ಲಿ, ಯುದ್ಧಕಾಲದ ಯಾನವೊಂದರಲ್ಲಿ ಮಡಿದನು. ಟಾಟಾ ಏರ್‌ಲೈನ್ಸ್ 1946ರಲ್ಲಿ ಏರ್ ಇಂಡಿಯಾ ಆಯಿತು.

1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ ‘ಮಲಬಾರ್ ಪ್ರಿನ್ಸೆಸ್’ ವಿಮಾನವು 35 ಪ್ರಯಾಣಿಕರೊಡನೆ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. ಅಷ್ಟರಲ್ಲಿ ಇರುಳು ಹಾರಾಟ ಸಾಧ್ಯವಾಗಿತ್ತು. ರೇಡಿಯೋ, ದೀಪಗಳಿದ್ದ ನಿಲ್ದಾಣಗಳು, ನಾಲ್ಕು ಎಂಜಿನ್ನಿನ ದೊಡ್ಡ ವಿಮಾನಗಳು ಸೇರಿ ಕತ್ತಲೆಯನ್ನು ಗೆದ್ದಿದ್ದವು. ರಾತ್ರಿಯು ನೆಲವನ್ನು ಬಿಟ್ಟು ಆಕಾಶಕ್ಕೇರಿತು. ಆಗ ಹೊಸ ಪ್ರಶ್ನೆಯೊಂದು ಎದುರಾಯಿತು: ಆಕಾಶದಲ್ಲಿ ಮಲಗುವವರು ಯಾರು, ಕುಳಿತೇ ರಾತ್ರಿ ಕಳೆಯುವವರು ಯಾರು?

ನಮ್ಮ ತಲೆಮಾರಿಗೆ ರೈಲಿನ ಮೂರನೆಯ ದರ್ಜೆ ಚೆನ್ನಾಗಿ ಗೊತ್ತು. 1974ರಲ್ಲಿ ಅದರ ಹೆಸರು ಹೋಯಿತು. ವಿಮಾನದಲ್ಲಿ ನಡೆದದ್ದು ಇದಕ್ಕೆ ವಿರುದ್ಧ. 1952ರಲ್ಲಿ ಅಟ್ಲಾಂಟಿಕ್ ಮಾರ್ಗದಲ್ಲಿ ಕಡಿಮೆ ದರದ ಟೂರಿಸ್ಟ್ ದರ್ಜೆ, 1958ರಲ್ಲಿ ಎಕಾನಮಿ ದರ್ಜೆ ಬಂದವು. 1970ರ ದಶಕದಲ್ಲಿ ದೊಡ್ಡ ಜಂಬೋ ವಿಮಾನಗಳು ಬಂದು, ರಿಯಾಯಿತಿ ಟಿಕೆಟ್ಟುಗಳಿಂದ ಜನ ತುಂಬಿದಾಗ, ಪೂರ್ಣ ದರ ತೆತ್ತು ವ್ಯವಹಾರಕ್ಕಾಗಿ ಓಡಾಡುವವರು ತಮಗೆ ಪ್ರತ್ಯೇಕ ಸ್ಥಳ ಬೇಕೆಂದರು. ಆ ದಶಕದ ಕೊನೆಯಲ್ಲಿ ಹುಟ್ಟಿದ್ದೇ ಬಿಸಿನೆಸ್ ಕ್ಲಾಸ್. ಅದರಲ್ಲಿ ಪೂರ್ತಿ ಚಪ್ಪಟೆಯಾಗಿ ಹಾಸಿಗೆಯಾಗುವ ಆಸನವನ್ನು ಬ್ರಿಟಿಷ್ ಏರ್‌ವೇಸ್ ತಂದದ್ದು 2000ದಲ್ಲಿ. ಅಂದರೆ ಸಾಲಾಗಿ ಮಲಗಿಕೊಂಡು ಸಮುದ್ರ ದಾಟುವ ಈ ಸೌಖ್ಯಕ್ಕೆ ಇನ್ನೂ ಮೂರು ದಶಕ ತುಂಬಿಲ್ಲ.

ಕೆಲವು ವರ್ಷಗಳ ಹಿಂದೆ, ಚಳಿಗಾಲದಲ್ಲಿ, ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ಬೆಂಗಳೂರಿನಿಂದ ಯುರೋಪಿಗೆ ನಾನೂ ಆ ದರ್ಜೆಯಲ್ಲಿ ಒಮ್ಮೆ ಪ್ರಯಾಣ ಮಾಡಿದೆ. ಗುಂಡಿಯೊತ್ತಿದರೆ ಕುರ್ಚಿ ಹಾಸಿಗೆಯಾಗುತ್ತದೆ. ಬಿಸಿಯಾದ ಒದ್ದೆ ಕರವಸ್ತ್ರ, ಪಿಂಗಾಣಿ ತಟ್ಟೆ, ಮೆತ್ತನೆಯ ಹೊದಿಕೆ; ಮಂಡಿನೋವಿನ ನನ್ನಂಥವನಿಗೆ ಅದು ದೊಡ್ಡ ಉಪಕಾರವೇ. ಆದರೆ ನಿದ್ರೆ ಹತ್ತಲಿಲ್ಲ. ಎದ್ದು, ಪರದೆ ಸರಿಸಿ ಹಿಂದಕ್ಕೆ ಹೋದೆ. ನಿಲ್ದಾಣದಲ್ಲಿ ಪರಿಚಯವಾಗಿದ್ದ ಸಿರುಗುಪ್ಪದ ಕಡೆಯ ತಾಯಿಯೊಬ್ಬರು ಅಲ್ಲಿ ಊದಿದ ಕಾಲುಗಳನ್ನು ಮುಂದಿನ ಕುರ್ಚಿಯ ಕೆಳಗೆ ತೂರಿಸಿ ಕುಳಿತಿದ್ದರು. ಮಗಳ ಹೆರಿಗೆಗೆ ಹೊರಟವರು.

“ಏನ್ರೀ ಸರ್, ಎಷ್ಟೊತ್ತಾದ್ರೂ ಬೆಳಕಾ ಹರೀವಲ್ದಲ್ರೀ?” ಎಂದರು.

ಭೂಗೋಳ ಕಲಿಸಿದವನಿಗೆ ಉತ್ತರ ಕಷ್ಟವಾಗಲಿಲ್ಲ. ನಾವು ಪಶ್ಚಿಮಕ್ಕೆ ಹೋಗುತ್ತಿದ್ದೇವೆ. ಭೂಮಿ ಪೂರ್ವಕ್ಕೆ ತಿರುಗುತ್ತಿದೆ. ಹದಿನೈದು ರೇಖಾಂಶಕ್ಕೆ ಒಂದು ಗಂಟೆಯಂತೆ ಸೂರ್ಯೋದಯವು ನಮ್ಮಿಂದ ಹಿಂದೆ ಬೀಳುತ್ತದೆ. ಹೀಗಾಗಿ ನಮ್ಮ ರಾತ್ರಿ ಉದ್ದವಾಗುತ್ತದೆ ಎಂದೆ.

“ನಿಮಗ ಮುಂದ ಮಲಗಾಕ ಐತ್ರೀ, ಉದ್ದ ಆದ್ರ ಚಲೋನ. ನಮಗ ಲಗೂನ ಮುಗೀಬೇಕ್ರೀ” ಎಂದು ಅವರು ನಕ್ಕರು. ಒಂದೇ ರಾತ್ರಿ, ಒಂದೇ ವಿಮಾನ. ನಡುವೆ ಒಂದು ಬಟ್ಟೆಯ ಪರದೆ.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಚಾಲಕರ ತಂಡವು ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿನಿಂದ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ತಂದಿತು. ಆ ಬಗೆಯ ವಿಮಾನದಲ್ಲಿದ್ದ ಬಿಸಿನೆಸ್ ಕ್ಲಾಸ್ ಆಸನಗಳು 35. ಮಲಬಾರ್ ಪ್ರಿನ್ಸೆಸ್ ಹೊತ್ತೊಯ್ದ ಒಟ್ಟು ಪ್ರಯಾಣಿಕರೂ ಅಷ್ಟೇ! ಮರುವರ್ಷ, 2022ರ ಜನವರಿಯಲ್ಲಿ, ಏರ್ ಇಂಡಿಯಾ ಮರಳಿ ಟಾಟಾ ಸಂಸ್ಥೆಯ ಕೈಸೇರಿತು.

ದಾರಿ ಉದ್ದವಾಗುತ್ತ ಹೋದಂತೆ ನಡುವಣ ಊರುಗಳು ಮರೆಯಾದವು. ಆದರೆ ಮರೆಯಾದ ಊರುಗಳೆಲ್ಲ ತಮ್ಮನ್ನು ತಾವು ಮರೆಯಬೇಕಾಗಿಲ್ಲ. ಶಾರ್ಜಾದ ಆ ಹಳೆಯ ನಿಲ್ದಾಣವು ಇಂದು ‘ಅಲ್ ಮಹತ್ತಾ’ ಎಂಬ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿನ ಮಕ್ಕಳು ತಮ್ಮ ಊರಿನಲ್ಲಿ ಜಗತ್ತು ಒಂದು ರಾತ್ರಿ ತಂಗಿತ್ತೆಂಬುದನ್ನು ಕಣ್ಣಾರೆ ಕಂಡು ಕಲಿಯುತ್ತಾರೆ. ಬಳ್ಳಾರಿಗೆ ಅಷ್ಟು ದೊಡ್ಡ ಸಂಗ್ರಹಾಲಯ ಬೇಕೆಂದು ನಾನು ಕೇಳುವುದಿಲ್ಲ. ನಮ್ಮ ಶಿಕ್ಷಕ ಮಿತ್ರರು ಪ್ರತಿವರ್ಷ ಅಕ್ಟೋಬರ್ 15ರಂದು ತರಗತಿಯಲ್ಲಿ ಹತ್ತು ನಿಮಿಷ ತೆಗೆದಿಟ್ಟು, ಭೂಪಟದಲ್ಲಿ ಕರಾಚಿಯಿಂದ ಮದರಾಸಿನವರೆಗೆ ಒಂದು ಗೆರೆ ಎಳೆಸಲಿ. ನಡುವೆ ಬಳ್ಳಾರಿಯ ಮೇಲೆ ಒಂದು ಚುಕ್ಕಿಯನ್ನಿಡಿಸಲಿ. ನಾಳೆ ಆ ಮಕ್ಕಳಲ್ಲಿ ಯಾರಾದರೂ ವಿಮಾನವೇರಿದರೆ, ಪರದೆಯ ಯಾವ ಬದಿಯಲ್ಲಿ ಕುಳಿತಿದ್ದರೂ, ಈ ದಾರಿಯ ಮೊದಲ ರಾತ್ರಿ ತಮ್ಮ ಊರಿನದೆಂದು ಅವರಿಗೆ ತಿಳಿದಿರುತ್ತದೆ.