ನೋಡಿಕೊಳ್ಳುವವರಿಗೂ ಒಂದು ಲೆಕ್ಕ

ಹಾಸಿಗೆ ಹಿಡಿದ ಹಿರಿಯರ ಕ್ಷೇಮವನ್ನು ಎಲ್ಲರೂ ವಿಚಾರಿಸುತ್ತಾರೆ. ನಿದ್ದೆಗೆಟ್ಟು ಅವರ ಮಗ್ಗುಲು ಬದಲಿಸುವ ಸೊಸೆಯ ಹತ್ತಿರ "ನಿನ್ನ ಊಟ ಆಯ್ತಾ?" ಅಂತ ಕೇಳುವವರು ಕಡಿಮೆ. ನಮ್ಮ ಕೇರಳದಲ್ಲಿ ಈ ಮಾತಿಗೂ ಒಂದು ಚರಿತ್ರೆ ಉಂಟು.

1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ನೋವು ತಗ್ಗಿಸುವ ಪಾಲಿಯೇಟಿವ್ ಕ್ಲಿನಿಕ್ ಶುರುವಾಯಿತು. ಅಲ್ಲಿಗೆ ಬರಲಾಗದವರು ತುಂಬ ಇದ್ದರು. ಹಾಗಾಗಿ ಊರೂರಿನ ಸ್ವಯಂಸೇವಕರು ಮನೆಗಳಿಗೇ ಹೋಗತೊಡಗಿದರು. 2008ರಲ್ಲಿ ಸರಕಾರ ಪಾಲಿಯೇಟಿವ್ ನೀತಿ ತಂದಿತು. ಪಂಚಾಯತುಗಳ ಮೂಲಕ ನರ್ಸ್ ಮನೆಬಾಗಿಲಿಗೆ ಬಂದರು. ಆಮೇಲೆ ಬಂದ 'ಆಶ್ವಾಸಕಿರಣಂ' ಯೋಜನೆ ನೋಡಿಕೊಳ್ಳುವವರಿಗೇ ಸಹಾಯಧನ ಇಟ್ಟಿತು. ಅದು ತಿಂಗಳಿಗೆ 600 ರೂಪಾಯಿವರೆಗೆ ಏರಿತು.

ಮೊತ್ತ ಸಣ್ಣದು. ಆದರೂ ಮನೆಯೊಳಗಿನ ಈ ದುಡಿಮೆ ಸರಕಾರದ ಲೆಕ್ಕಕ್ಕೆ ಬಂತಲ್ಲ! ಹಣದಿಂದ ಬಿಡುವು ಮಾತ್ರ ಸಿಗುವುದಿಲ್ಲ. ಅದನ್ನು ನೆರೆಕರೆಯವರೇ ಕೊಡಬೇಕು, ವಾರಕ್ಕೆ ಒಂದು ಮಧ್ಯಾಹ್ನವಾದರೂ ಸಾಕು.