ಸಿಟ್ಟು ಬೇರೆ, ಚಿತ್ತಭ್ರಮೆ ಬೇರೆ

1959ರ ಏಪ್ರಿಲ್ 27ರ ಮಧ್ಯಾಹ್ನ. ಮುಂಬಯಿಯಲ್ಲಿ ಊಟ ಮುಗಿಸಿ ಕುಳಿತಿದ್ದ ನೌಕಾಪಡೆಯ ಕಮಾಂಡರ್ ಕಾವಸ್ ನಾನಾವತಿ ಅವರಿಗೆ ಪತ್ನಿ ಸಿಲ್ವಿಯಾ ತನ್ನ ಪರಪುರುಷ ಸಂಬಂಧವನ್ನು ತಿಳಿಸಿದರು. ಪತ್ನಿ, ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟ ನಾನಾವತಿ ಹಡಗಿಗೆ ಹೋದರು. ರಾತ್ರಿ ಒಬ್ಬನೇ ಅಹಮದ್‌ನಗರಕ್ಕೆ ಹೋಗಬೇಕಿದೆ ಎಂದು ಸುಳ್ಳು ಹೇಳಿ ರಿವಾಲ್ವರ್ ಮತ್ತು ಆರು ಗುಂಡು ಪಡೆದರು. ಪ್ರೇಮ್ ಅಹುಜಾ ಅವರನ್ನು ಕಚೇರಿಯಲ್ಲಿ ಹುಡುಕಿ, ಸಿಗದಿದ್ದಾಗ ಮನೆಗೆ ಹೋದರು. ಅಲ್ಲಿ ಗುಂಡೇಟಿಗೆ ಅಹುಜಾ ಬಲಿಯಾದರು. ನಾನಾವತಿ ಪೊಲೀಸರಿಗೆ ಶರಣಾದರು.

ಆ ಹೊತ್ತಿನಲ್ಲಿ ಅವರ ಮನಸ್ಸು ಯಾವ ಸ್ಥಿತಿಯಲ್ಲಿತ್ತು? ಭಾವೋದ್ರೇಕದ ಕೊಲೆಗಳಲ್ಲೆಲ್ಲ ಏಳುವ ಪ್ರಶ್ನೆಯಿದು. ಕಾನೂನು ಇದಕ್ಕೆ ಎರಡು ಬೇರೆ ಬಾಗಿಲುಗಳನ್ನು ಇಟ್ಟಿದೆ.

ಮೊದಲನೆಯದು ಚಿತ್ತವಿಕಲತೆ. 1843ರಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬಾತ ಬ್ರಿಟಿಷ್ ಪ್ರಧಾನಿಯ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್ ಅವರನ್ನು ಭ್ರಮೆಗೊಳಗಾಗಿ ಕೊಂದ. ಅವನ ಬಿಡುಗಡೆ ಎಬ್ಬಿಸಿದ ಗದ್ದಲದಿಂದ ನಿಯಮಗಳು ಹುಟ್ಟಿದವು. 1860ರ ಭಾರತೀಯ ದಂಡಸಂಹಿತೆಯ 84ನೇ ಕಲಮಿನಲ್ಲಿ ಕಂಡದ್ದೂ ಅದೇ ಚಿಂತನೆ: ತಾನು ಮಾಡುತ್ತಿರುವುದು ಏನೆಂದಾಗಲಿ, ಅದು ತಪ್ಪೆಂದಾಗಲಿ ತಿಳಿಯಲಾರದಷ್ಟು ಬುದ್ಧಿ ಕೆಟ್ಟಿದ್ದರೆ ಅದು ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 22ನೇ ಕಲಮು.

ಎರಡನೆಯದು ತೀವ್ರ ಹಾಗೂ ಹಠಾತ್ ಪ್ರಚೋದನೆ. ಇಲ್ಲಿ ಆರೋಪಿ ರೋಗಿಯಲ್ಲ. ಕ್ಷಣಕಾಲ ಹಿಡಿತ ತಪ್ಪಿದವನು. ಬಿಡುಗಡೆ ಸಿಗದು, ಶಿಕ್ಷೆ ಕಡಿಮೆಯಾಗಬಹುದು ಅಷ್ಟೆ.

ಮನೋವೈದ್ಯರಿಗೆ ಹೆಚ್ಚು ಕೆಲಸವಿರುವುದು ಮೊದಲ ಬಾಗಿಲಲ್ಲಿ. ಆದರೆ ಅವರು ಆರೋಪಿಯನ್ನು ನೋಡುವುದು ಘಟನೆ ನಡೆದು ದಿನಗಳೋ ತಿಂಗಳುಗಳೋ ಕಳೆದ ಮೇಲೆ. ಹಳೆಯ ಚಿಕಿತ್ಸೆಯ ದಾಖಲೆ, ಮನೆಯವರ ಮಾತು, ಕೃತ್ಯದ ಹಿಂದುಮುಂದಿನ ವರ್ತನೆ ಇವನ್ನೆಲ್ಲ ಜೋಡಿಸಿ ಆ ಕ್ಷಣದ ಮನಸ್ಸನ್ನು ಊಹಿಸಬೇಕು. ಆಯುಧ ಬಚ್ಚಿಟ್ಟನೇ? ಓಡಿಹೋದನೇ? ಸಂಚು ಹೂಡಿದ್ದನೇ? ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಕಾಯಿಲೆ ಇದ್ದ ಮಾತ್ರಕ್ಕೆ ವಿನಾಯಿತಿಯಿಲ್ಲ. ವೈದ್ಯರ ಹುಚ್ಚು ಬೇರೆ, ಕಾನೂನಿನ ಹುಚ್ಚು ಬೇರೆ ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಕೊನೆಯ ತೀರ್ಮಾನ ನ್ಯಾಯಾಧೀಶರದೇ.

ನಾನಾವತಿ ಹುಚ್ಚಿನ ವಾದ ಹೂಡಲಿಲ್ಲ. ಹೊಯ್‌ಕೈಯಲ್ಲಿ ಗುಂಡು ಹಾರಿತು ಎಂದರು. ಅಲ್ಲದಿದ್ದರೆ ಪ್ರಚೋದನೆಯನ್ನಾದರೂ ಪರಿಗಣಿಸಬೇಕೆಂಬುದು ಅವರ ಪರ ವಾದ. ಜ್ಯೂರಿ 8–1 ಮತಗಳಿಂದ ನಿರ್ದೋಷಿ ಎಂದಿತು. ನ್ಯಾಯಾಧೀಶರು ಅದನ್ನೊಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ ಶಿಕ್ಷೆಯಾಯಿತು. 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮನೆ ಬಿಟ್ಟಾಗ ಒಂದೂವರೆ ಗಂಟೆ, ಕೊಲೆಯಾದಾಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಸಿಟ್ಟು ಇಳಿಯಲು ಅಷ್ಟು ಹೊತ್ತು ಸಾಕಿತ್ತು ಎಂಬುದು ಕೋರ್ಟಿನ ನಿಲುವು.

1964ರಲ್ಲಿ ರಾಜ್ಯಪಾಲರ ಕ್ಷಮಾದಾನದಿಂದ ನಾನಾವತಿ ಹೊರಬಂದರು. ಜನರ ಅನುಕಂಪ ಬಹುಮಟ್ಟಿಗೆ ನೊಂದ ಗಂಡನ ಕಡೆಗಿತ್ತು. ಸತ್ತವನಿಗೆ ತನ್ನ ಕಥೆ ಹೇಳುವ ಅವಕಾಶವಿಲ್ಲ. ಆತನ ಪರವಾಗಿ ಉಳಿದದ್ದು ಆ ಮೂರು ಗಂಟೆಗಳ ಲೆಕ್ಕ ಮಾತ್ರ.